ಮುಗಿಯದ ತೊಂಬತ್ತೊಂಬತ್ತು

ಎರಡು ಸಾವಿರ ಎಂದು ಬರೆದರೆ ಕಂಪ್ಯೂಟರುಗಳು ಕೆಟ್ಟು ಲೋಕವೇ ನಿಂತುಹೋದೀತೆಂದು ಹೆದರಿ, ಸರ್ಕಾರ ಪ್ರತಿ ಜನವರಿಗೂ 1999ನ್ನೇ ಮತ್ತೆ ಶುರು ಮಾಡುತ್ತಿತ್ತು. ಹೀಗಾಗಿ ಗದಗಿನ ನೀಲಾಂಬಿಕಾ ಟೀಚರಿಗೆ ನಿವೃತ್ತಿಯ ವಯಸ್ಸಾದ ಐವತ್ತೆಂಟು ತುಂಬುತ್ತಲೇ ಇರಲಿಲ್ಲ. ಮಂಡಿಗಳು ಮಾತ್ರ ಸವೆದುಹೋಗಿದ್ದವು. ಈ ಹೊಸ ವರ್ಷದಂದೂ ಅವರು ತಮ್ಮ ನಿವೃತ್ತಿ ಯಾವಾಗ ಎಂದು ಹೆಡ್‌ಮಾಸ್ತರ ಬಸಲಿಂಗಪ್ಪನನ್ನು ಕೇಳಿದರು.

“ಇನ್ನೊಂದ್ ವರ್ಷ ಐತಲ್ರೀ, ಟೀಚರ್,” ಎಂದ ಅವನು.

“ನಿನಗ ಅಕ್ಷರ ಕಲಿಸಿದಾಕಿ ನಾನು. ನಿನ್ನ ತಲಿನೂ ಬೆಳ್ಳಗಾತು, ನನ್ನ ಒಂದು ವರ್ಷ ಇನ್ನೂ ಮುಗೀಲಿಲ್ಲೇನೋ?”

“ಕಂಪ್ಯೂಟರ್ ಒಪ್ಪಂಗಿಲ್ರೀ.”

ನೀಲಾಂಬಿಕಾ ಸಿಟ್ಟಿನಿಂದ ತರಗತಿಗೆ ಹೋಗಿ, ಹಲಗೆಯ ಮೇಲೆ ದೊಡ್ಡದಾಗಿ 2000 ಎಂದು ಬರೆದರು. ಮಕ್ಕಳು ಉಸಿರು ಬಿಗಿಹಿಡಿದವು. ಫ್ಯಾನು ತಿರುಗುತ್ತಲೇ ಇತ್ತು.

“ನೋಡ್ರಿ, ಲೋಕ ಏನೂ ನಿಂದರಲಿಲ್ಲ,” ಎಂದು ಸೀಮೆಸುಣ್ಣ ಕೆಳಗಿಟ್ಟು, ಚೀಲ ಹೆಗಲಿಗೇರಿಸಿ ಅವರು ಮನೆಗೆ ಹೊರಟರು.