ಯಜಮಾನನ ವೈರು

ಮನುಷ್ಯರ ಗಂಟಲಿನ ದನಿ ಗಾಳಿಯಲ್ಲಿ ಕೇಳಿಸದಂತಾಗಿ ಹನ್ನೊಂದು ವರ್ಷವಾಗಿತ್ತು. ಗದಗಿನಲ್ಲಿ ಎಲ್ಲರೂ ಕುತ್ತಿಗೆಯ ಮೈಕಿನ ಮೂಲಕ ತಮ್ಮ ತಮ್ಮ ಸ್ಪೀಕರಿನಲ್ಲಿ ಮಾತಾಡುತ್ತಿದ್ದರು. ಆದರೆ ಸ್ಪೀಕರುಗಳನ್ನು ಎಬ್ಬಿಸುವ ಹನ್ನೆರಡು ವೋಲ್ಟಿನ ವೈರು ರೂಢಿಯಂತೆ ಮನೆಯ ಯಜಮಾನನ ಆಂಪ್ಲಿಫೈಯರಿನಿಂದಲೇ ಹೊರಡಬೇಕು. ಅದು ಆರಿದರೆ ಮನೆಯೆಲ್ಲ ಮೂಕ.

ಚನ್ನವೀರಪ್ಪ ಜಗಳವನ್ನು ಆ ಸ್ವಿಚ್ಚಿನಿಂದಲೇ ಮುಗಿಸುತ್ತಿದ್ದ. ತಾನೇ ಗಂಡು ನೋಡಿಕೊಂಡು ಮದುವೆಯಾದ ಮಗಳು ಸುಮಿತ್ರಾಳ ಹೆಸರನ್ನು ಹೆಂಡತಿ ನೀಲವ್ವ ಎತ್ತಿದಾಗಲೆಲ್ಲ ಅವನ ಕೈ ಸ್ವಿಚ್ಚಿಗೆ ಹೋಗುತ್ತಿತ್ತು.

ಇವತ್ತು ನೀಲವ್ವ ಮೆಕ್ಯಾನಿಕ್ ಫಕೀರಪ್ಪನನ್ನು ಕರೆಸಿದ್ದಳು.

"ಅಕ್ಕಾರ, ನಿಮ್ಮ ವೈರು ಬ್ಯಾರೆ ಮಾಡಿದ್ರ ಓಣಿ ಮಂದಿ ನಗ್ತಾರ," ಎಂದ ಅವನು.

"ನಗ್ಲಿ ಬಿಡೋ. ಅವರೂ ಸ್ಪೀಕರಿನ್ಯಾಗ ನಗಬೇಕಲ್ಲ."

ಫಕೀರಪ್ಪ ಹಳೆಯ ವೈರು ಕತ್ತರಿಸಿ, ಅವಳ ಸ್ಪೀಕರಿಗೆ ಬೇರೆ ಬ್ಯಾಟರಿಯನ್ನೂ ಅವಳದೇ ಸ್ವಿಚ್ಚನ್ನೂ ಜೋಡಿಸಿದ. ನೀಲವ್ವ ಆಂಪ್ಲಿಫೈಯರಿನ ಪಕ್ಕ ನಿಂತಿದ್ದ ಗಂಡನ ಕಡೆ ತಿರುಗಿದಳು.

"ನಾಳೆ ಸುಮಿತ್ರಾ ಬರಾಕತ್ತಾಳ, ಕೂಸಿನ ಕರಕೊಂಡು."

ಚನ್ನವೀರಪ್ಪ ತನ್ನ ಆಂಪ್ಲಿಫೈಯರು ಆರಿಸಿದ.

"ನಾಕು ದಿನ ಇರ್ತಾಳ," ನೀಲವ್ವನ ಸ್ಪೀಕರು ಮುಂದುವರಿಸಿತು. "ಕೂಸಿಗೆ ನಿಮ್ಮ ಮೂಗೇ ಬಂದೈತಂತ."

ಅವನ ತುಟಿ ಆಡಿತು, ಏನೂ ಕೇಳಿಸಲಿಲ್ಲ. ಅವನೇ ಮತ್ತೆ ಸ್ವಿಚ್ಚು ಹಾಕಿದ.

"ಯಾವ ಬಸ್ಸಿಗೆ?"