ಯಾವೂರು, ಯಾರ ಮಗ, ಎಲ್ಲಿಗೆ?

“ಯಾವೂರಪ್ಪ ನಿಂದು? ಯಾರ ಮಗ? ಎಲ್ಲಿಗೆ ಹೊಂಟೀಯ?”

ಎದುರು ಸೀಟಿನಲ್ಲಿ ತೊಡೆಯ ಮೇಲೆ ಕುಕ್ಕೆ ಇಟ್ಟುಕೊಂಡು ಕೂತಿದ್ದ ಓಬಕ್ಕ ಒಂದೇ ಉಸಿರಿಗೆ ಮೂರೂ ಪ್ರಶ್ನೆ ಕೇಳಿ ಮುಗಿಸಿದಳು. ರೈಲು ಆಗಷ್ಟೇ ಚಿಕ್ಕಜಾಜೂರು ಬಿಟ್ಟಿತ್ತು. ಚೇತನ್‌ಕುಮಾರ್ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. “ಕೆಲ್ಸ ಐತಜ್ಜಿ” ಎಂದಷ್ಟೇ ಅಂದ. ಈ ಮುದುಕಿಯರಿಗೆ ಕಂಡವರ ಜಾತಕ ಕೇಳದಿದ್ದರೆ ಉಂಡದ್ದು ಅರಗುವುದಿಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡ.

ಕೆಲಸ ಇದ್ದದ್ದೇನೂ ಸುಳ್ಳಲ್ಲ. ಅವನು ಚಿತ್ರದುರ್ಗದ ಪುಟ್ಟ ಸಾಫ್ಟ್‌ವೇರ್ ಆಫೀಸೊಂದರಲ್ಲಿ ಟೆಸ್ಟರ್. ಹೋದ ತಿಂಗಳು, ಪರೀಕ್ಷೆಗೆಂದು ಇಟ್ಟ ಡೇಟಾಬೇಸ್ ಅಂದುಕೊಂಡು, ಹೊಳಲ್ಕೆರೆಯ ಒಂದು ಅಡಿಕೆ ಮಂಡಿಯ ಅಸಲಿ ಡೇಟಾಬೇಸನ್ನೇ ಗುಡಿಸಿ ಸಾರಿಸಿ ರಂಗೋಲಿ ಹಾಕಿಬಿಟ್ಟಿದ್ದ. ಮಂಡಿಯವರು ಆಫೀಸಿಗೆ ಬಂದು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಆಮೇಲೆ ಆಫೀಸಿನ ಒಡತಿ ಹೇಮಾವತಿ ಹೊಸದೊಂದು ಕಮಾಂಡ್ ಮಾಡಿಸಿದರು. ಏನನ್ನಾದರೂ ಅಳಿಸುವ ಮೊದಲು ಅದನ್ನು ಒತ್ತಿದರೆ ಸಾಕು. ನೀವು ಯಾರ ಹೆಸರಿನಲ್ಲಿ ಒಳಗೆ ಬಂದಿದ್ದೀರಿ, ಯಾವ ಡೇಟಾಬೇಸಿನಲ್ಲಿದ್ದೀರಿ, ಅದು ಯಾವ ಕಂಪ್ಯೂಟರಿನಲ್ಲಿದೆ ಎಂದೆಲ್ಲ ಅದೇ ಹೇಳುತ್ತದೆ. ಇವತ್ತು ಹನ್ನೊಂದು ಗಂಟೆಗೆ ದುರ್ಗದ ಆಫೀಸಿನಲ್ಲಿ ಅದನ್ನು ಮಂಡಿಯವರ ಎದುರು ಮಾಡಿ ತೋರಿಸಬೇಕು. ತೋರಿಸಿದರೆ ಚೇತನ್‌ಕುಮಾರನ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಹೇಮಾವತಿ ಸುತ್ತಿ ಬಳಸಿ ಮಾತಾಡುವವರಲ್ಲ.

ಅದಕ್ಕೇ ಹೊಸದುರ್ಗದ ಕಡೆಯಿಂದ ಬರುವಾಗಲೇ ಅವನ ಪರೀಕ್ಷೆ ಶುರುವಾಗಿತ್ತು. ಚಿಕ್ಕಜಾಜೂರಿನಲ್ಲಿ ರೈಲು ಬದಲಿಸುವಾಗಲೂ ತೆರೆದ ಲ್ಯಾಪ್‌ಟಾಪನ್ನು ಆರತಿ ತಟ್ಟೆಯಂತೆ ಎರಡು ಕೈಯಲ್ಲಿ ಹಿಡಿದುಕೊಂಡೇ ಬಂದು ಹತ್ತಿದ್ದ. ಈಗ ಮತ್ತೆ ಕಮಾಂಡ್ ಒತ್ತಿದ. ‘ನೀವು ಚೇತನ್, ಪರೀಕ್ಷೆಯ ಡೇಟಾಬೇಸಿನಲ್ಲಿದ್ದೀರಿ’ ಎಂದಿತು. ಹೆಸರು ಬದಲಿಸಿ ಒಳಹೊಕ್ಕು ಕೇಳಿದ. ಹೊಸ ಹೆಸರನ್ನೇ ಹೇಳಿತು. ಮೊಬೈಲಿನ ನೆಟ್ ಆರಿಸಿ ಕೇಳಿದ. ‘ನೀವು ಸದ್ಯ ಎಲ್ಲಿಯೂ ಇಲ್ಲ’ ಎಂದು ಮುಲಾಜಿಲ್ಲದೆ ಹೇಳಿತು. ಚೇತನ್‌ಕುಮಾರನಿಗೆ ಖುಷಿ ತಡೆಯಲಾಗಲಿಲ್ಲ.

“ಪಾಸ್!” ಎಂದು ತೊಡೆ ತಟ್ಟಿದ.

“ಏನಪ್ಪ ಪಾಸಾಗಿದ್ದು? ಎಸ್ಸೆಸ್ಸೆಲ್ಸಿನಾ?”

“ಇಲ್ಲಜ್ಜಿ. ಇದನ್ನ ಕೇಳಿದ್ರೆ ನಾವು ಯಾರು, ಯಾರ ಮನೆಯಾಗೆ ಇದೀವಿ, ಎಲ್ಲಾ ಹೇಳತೈತೆ. ಇನ್ಮೇಲೆ ಯಾರೂ ದಾರಿ ತಪ್ಪಂಗಿಲ್ಲ.”

“ನಾನೂ ಅದನ್ನೇ ಕೇಳಿದ್ದು” ಎಂದಳು ಓಬಕ್ಕ. “ನೀನು ಕೇಳಿದ್ರೆ ಡಬ್ಬಿ ಹೇಳತೈತೆ. ನಾನು ಕೇಳಿದ್ರೆ ನೀನು ಹೇಳಲ್ಲ.”

ಅಷ್ಟರಲ್ಲಿ ರೈಲು ನಿಂತಿತು. ಓಬಕ್ಕ ಕುಕ್ಕೆ ಎತ್ತಿಕೊಂಡು ಎದ್ದಳು. “ದುರ್ಗ ಬಂತೇನಪ್ಪ?”

ಹತ್ತಿದ ಮೇಲೆ ಮೊದಲ ಸಲ ಚೇತನ್‌ಕುಮಾರ್ ಕಿಟಕಿಯಾಚೆ ನೋಡಿದ. ಹಳದಿ ಬೋರ್ಡಿನ ಮೇಲೆ ಮಾಯಕೊಂಡ ಎಂದು ದಪ್ಪಕ್ಷರದಲ್ಲಿತ್ತು. “ಇದು ದಾವಣಗೆರೆ ಗಾಡಿ ಕಣ್ರೀ, ದುರ್ಗದ್ದು ಆಚೆ ಪ್ಲಾಟ್‌ಫಾರಂನಾಗೆ ನಿಂತಿತ್ತಲ್ಲ” ಎಂದು ಪಕ್ಕದವರು ಕನಿಕರದಿಂದ ಹೇಳಿದರು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಿತ್ತು. ಇಬ್ಬರೂ ದಡಬಡಿಸಿ ಇಳಿದರು.

“ಎಲ್ಲಾರ್ನೂ ಕೇಳ್ತೀರಲ್ಲ ಅಜ್ಜಿ, ರೈಲು ಯಾವುದು ಅಂತ ಕೇಳಬಾರದಿತ್ತಾ?” ಎಂದು ಅವನು ಸಿಟ್ಟನ್ನೆಲ್ಲ ಅವಳ ಮೇಲೆ ಸುರಿದ.

“ಕೇಳಿದೆನಲ್ಲೋ! ಓದಿದೋನು, ಡಬ್ಬಿ ಹಿಡ್ಕಂಡು ಹೊಂಟಾನೆ, ಇವನು ಹತ್ತಿದ ರೈಲು ಸರಿಯಾಗೇ ಇರತೈತೆ ಅಂತ ನಿನ್ನ ಹಿಂದೇನೇ ಹತ್ತಿದೆ. ಆಮೇಲೆ ಯಾಕೋ ಅನುಮಾನ ಬಂತು. ಅದಕ್ಕೇ ಎಲ್ಲಿಗೆ ಹೊಂಟೀಯ ಅಂತ ಕೇಳಿದ್ದು. ದುರ್ಗದಾಗೆ ನನ್ನ ತಂಗಿ ಮಗಳ ನಿಶ್ಚಿತಾರ್ಥ, ಕರ್ಜಿಕಾಯಿ ಎಲ್ಲಾ ನನ್ನ ಕುಕ್ಕೆಯಾಗೇ ಐತೆ.”

ಅವನಿಗೆ ಅಳುವುದೊಂದು ಬಾಕಿ. ಅದೇ ಹೊತ್ತಿಗೆ ಹೇಮಾವತಿಯ ಫೋನು ಬಂತು.

“ಎಲ್ಲಿದ್ದೀಯಪ್ಪ?”

“ಮೇಡಂ, ಕಮಾಂಡ್ ಬೊಂಬಾಟಾಗಿ ಕೆಲ್ಸ ಮಾಡ್ತೈತೆ.”

“ನಾನು ಕೇಳಿದ್ದು ಅದನ್ನಲ್ಲ.”

ಹೇಳಲೇಬೇಕಾಯಿತು. ಹೇಮಾವತಿ ಆಗಲೂ ಸುತ್ತಿ ಬಳಸಲಿಲ್ಲ. “ಮಂಡಿಯೋರನ್ನ ಊಟಕ್ಕೆ ಕರ್ಕೊಂಡು ಹೋಗ್ತೀನಿ. ಅವರು ಮಜ್ಜಿಗೆ ಕುಡಿಯೋದ್ರೊಳಗೆ ನೀನು ಇಲ್ಲಿರಬೇಕು. ಇಲ್ಲಾಂದ್ರೆ ದಾವಣಗೆರೆಯಾಗೇ ಕೆಲ್ಸ ಹುಡುಕ್ಕೋ.”

ಇಬ್ಬರೂ ಬೆಂಚಿನ ಮೇಲೆ ಕೂತು ಒಂದೊಂದು ಕರ್ಜಿಕಾಯಿ ತಿಂದರು. ನಿಶ್ಚಿತಾರ್ಥದವರು ಎಣಿಸುವುದಿಲ್ಲ ಎಂದು ಓಬಕ್ಕನೇ ಕೊಟ್ಟಳು. ಕೊನೆಗೂ ಎದುರು ದಿಕ್ಕಿನಿಂದ ಒಂದು ರೈಲು ಬಂದು ನಿಂತಿತು. ಚೇತನ್‌ಕುಮಾರ್ ಬಾಗಿಲಿನವರೆಗೆ ಓಡಿದವನು ಗಕ್ಕನೆ ನಿಂತ. ಇನ್ನೊಂದು ಸಲ ತಪ್ಪಿದರೆ ಮುಗಿಯಿತು. ಬಾಗಿಲಲ್ಲಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಿಂತಿದ್ದ ಹಿರಿಯರೊಬ್ಬರನ್ನು ಕೇಳಿದ.

“ಯಜಮಾನ್ರೇ, ಇದು ಚಿಕ್ಕಜಾಜೂರಿಗೆ ಹೋಗತೈತಾ?”

ಅವರು ಅವನನ್ನು ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದರು. “ಯಾವೂರಪ್ಪ ನಿಂದು? ಯಾರ ಮಗ?”

ಗಾರ್ಡ್ ಸೀಟಿ ಊದಿದ. ಚೇತನ್‌ಕುಮಾರ್ ಲ್ಯಾಪ್‌ಟಾಪಿನ ಚೀಲವನ್ನು ಓಬಕ್ಕನ ಕೈಗೆ ಕೊಟ್ಟು, ತನ್ನ ಅಜ್ಜನ ಹೆಸರಿನಿಂದ ಉತ್ತರ ಶುರುಮಾಡಿದ.