ಗುಡ್ಡದಾಚೆಯ ಬುಗ್ಗೆ

ಹಾಸಿಗೆ ಹಿಡಿದ ತಂಗಿಯ ಕಾಲುಗಳಿಗೆ ಅಣ್ಣ ಎಣ್ಣೆ ತಿಕ್ಕಿ ಮುಗಿಸಿದ. ಆಮೇಲೆ ಕೈ ಒರೆಸಿಕೊಂಡು, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಇಬ್ಬರೂ ಬಿಡಿಸುತ್ತಿದ್ದ ನಕ್ಷೆಯನ್ನು ಹರಡಿದ. ದಾಳ ಉರುಳಿಸಿ ಕಥೆ ಕಟ್ಟುವ ಅವರ ಹೊಸ ಆಟದ ರಾಜ್ಯ ಅದು. ಅಲ್ಲಿ ಮಂತ್ರ ಊಟಕ್ಕೆ ಉಪ್ಪಿನಷ್ಟೇ ಇರಬೇಕೆಂಬುದು ಅವಳ ಕಟ್ಟಪ್ಪಣೆ.

"ಹಾಲು ಉಕ್ಕದ ಹಾಗೆ ತಡೆಯೋ ಮಂತ್ರ?" ಅಣ್ಣ ಕೇಳಿದ.

"ಇರ್ಲಿ."

"ತಪ್ಪಿಸಿಕೊಂಡ ಎಮ್ಮೆ ತಾನಾಗೇ ಮನೆಗೆ ಬರೋ ಮಂತ್ರ?"

"ಇರ್ಲಿ ಪಾಪ, ದಾರಿ ತಪ್ಪಿದ್ರೆ ನಿಂಗೂ ಉಪಯೋಗಕ್ಕೆ ಬರುತ್ತೆ."

ಅವನು ನಗುತ್ತ ಪೆನ್ಸಿಲನ್ನು ನಕ್ಷೆಯ ಅಂಚಿಗೆ ಒಯ್ದ. "ಈ ಗುಡ್ಡದಾಚೆ ಒಂದು ಬುಗ್ಗೆ. ನೀರು ಕುಡಿದ್ರೆ ಎಂಥ ಕಾಯಿಲೆನೂ ವಾಸಿ."

"ಬೇಡ."

"ಒಂದೇ ಒಂದು ಕಣೇ. ಎಷ್ಟು ದೂರ ಇದೆ ನೋಡು."

"ದೂರ ಇದ್ರೂ ರೋಗಿನ ಹೊತ್ಕೊಂಡು ಹೊರಡ್ತಾರೆ ಅಣ್ಣಾ. ಅಲ್ಲಿ ವಾಸಿಯಾಗ್ದಿದ್ರೆ ಇನ್ನೊಂದು ಗುಡ್ಡ ಅಂತಾರೆ. ಅಲುಗಾಡಿದ್ರೆ ಅವಳಿಗೆ ನೋವಾಗುತ್ತಾ ಅಂತ ಯಾರೂ ಕೇಳಲ್ಲ."

ಪೆನ್ಸಿಲು ಅಲ್ಲೇ ನಿಂತಿತು. ಬಾಗಿಲ ಬಳಿ ಅಮ್ಮ ನಾಳೆಯ ಪ್ರಯಾಣಕ್ಕೆ ಬಟ್ಟೆ ಮಡಿಸಿ ಚೀಲಕ್ಕೆ ತುಂಬುತ್ತಿದ್ದಳು. ಈ ಸಲ ಬೇರೆ ಊರು, ಯಾರೋ ಹೇಳಿದ ಬೇರೆ ಡಾಕ್ಟರು. ತಂಗಿ ನಕ್ಷೆಯನ್ನು ಬಿಟ್ಟು ಅತ್ತ ನೋಡಿದಳು.

"ಅಮ್ಮಾ, ನಾಳೆ ನನ್ನ ಎಲ್ಲಿಗೂ ಕರ್ಕೊಂಡು ಹೋಗ್ಬೇಡಿ. ನಾನು ಇಲ್ಲೇ ಇರ್ತೀನಿ."

ಅಮ್ಮ ಉಳಿದ ಬಟ್ಟೆಯನ್ನೂ ತುಂಬಿ ಚೀಲದ ಜಿಪ್ಪು ಎಳೆದು ಮುಚ್ಚಿದಳು.